ಹೇರೋಹಳ್ಳಿಗೆ ಹೋದ ಎರಡು ಕಾರ್ಡುಗಳು

ಒಬ್ಬಳಿಗೆ ಅರ್ಧ ಲೀಟರ್ ಹಾಲು ಹೆಚ್ಚು. ಕಾಲು ಲೀಟರ್ ಕೊಡಿ ಎಂದರೆ ಬೂತಿನವನು ನಗುತ್ತಿದ್ದ. ಹಾಗಾಗಿ ನಮ್ಮ ಮನೆಯಲ್ಲಿ ಯಾವಾಗಲೂ ಮೊಸರು ಮಿಕ್ಕಿರುತ್ತಿತ್ತು. ಎಂಬತ್ತರ ದಶಕ ಮುಗಿಯುತ್ತಾ ಬಂದ ಆ ವರ್ಷಗಳನ್ನು ನೆನೆಸಿಕೊಂಡರೆ ನನಗೆ ಮೊದಲು ನೆನಪಾಗುವುದು ಹುಳಿ ಮೊಸರಿನ ವಾಸನೆಯೇ.

ನನ್ನ ಯಜಮಾನರದು ವಿದ್ಯುತ್ ಸ್ಥಾವರಗಳಲ್ಲಿ ಬಾಯ್ಲರ್ ಜೋಡಿಸುವ ಕೆಲಸ. ಆರು ವಾರಕ್ಕೊಮ್ಮೆ ಬಂದು ಮೂರು ದಿನ ಇದ್ದು ಹೋಗುತ್ತಿದ್ದರು. ನಮಗೆ ಮಕ್ಕಳಿರಲಿಲ್ಲ. ಬಸವೇಶ್ವರನಗರದಲ್ಲಿ ಆಗಿನ್ನೂ ಅರ್ಧ ಸೈಟುಗಳು ಖಾಲಿ. ನಮ್ಮ ಎರಡೂ ಪಕ್ಕದಲ್ಲಿ ಪಾರ್ಥೇನಿಯಂ ಗಿಡ ಎದೆಯೆತ್ತರಕ್ಕೆ ಬೆಳೆದಿತ್ತು. ಸೊಪ್ಪಿನವಳು ಬಂದರೆ ಬೇಡದಿದ್ದರೂ ಒಂದು ಕಟ್ಟು ಸಬ್ಬಸಿಗೆ ಕೊಳ್ಳುತ್ತಿದ್ದೆ, ಎರಡು ಮಾತಿಗೋಸ್ಕರ. ಅವಳೇ ಒಂದು ದಿನ, "ಅಮ್ಮಾ, ದಿನಾ ಸಬ್ಬಸಿಗೆ ತಿಂತೀರಲ್ಲ, ಬೇಜಾರಾಗಲ್ವಾ?" ಎಂದು ಕೇಳಿದಳು. ನನಗೆ ನಾಚಿಕೆಯಾಯಿತು.

ಮೂರನೇ ಅಡ್ಡರಸ್ತೆಯಲ್ಲಿ ಒಂದು ಹೆರಿಗೆ ಆಸ್ಪತ್ರೆ ಇತ್ತು. ಕೆಳಗೆ ಹತ್ತು ಹಾಸಿಗೆ, ಮೇಲೆ ಡಾಕ್ಟರಮ್ಮನ ಮನೆ. ಮಾಗಡಿ ರೋಡಿನ ಆಚೆಯ ಹಳ್ಳಿಗಳಿಂದೆಲ್ಲ ಹೆಂಗಸರು ಅಲ್ಲಿಗೇ ಹೆರಿಗೆಗೆ ಬರುತ್ತಿದ್ದರು. ಒಂದು ಸಂಜೆ ಡಾಕ್ಟರಮ್ಮ ಗೇಟಿನ ಹತ್ತಿರ ಸಿಕ್ಕಿ, "ನೀವು ಕಾನ್ವೆಂಟಿನಲ್ಲಿ ಓದಿದೋರಲ್ವಾ? ಟೈಪಿಂಗ್ ಬರತ್ತಾ?" ಎಂದರು.

"ಬರತ್ತೆ ಡಾಕ್ಟ್ರೇ. ಕಲಿತು ಹತ್ತು ವರ್ಷ ಆಯ್ತು."

"ನಮ್ಮಣ್ಣ ಒಂದು ಕಂಪ್ಯೂಟರ್ ತಂದಿಟ್ಟಿದಾನೆ. ಅದನ್ನ ಮುಟ್ಟೋಕೆ ಎಲ್ಲರೂ ಹೆದರ್ತಾರೆ. ನೀವು ಮಧ್ಯಾಹ್ನ ಎರಡು ಗಂಟೆ ಬಂದು ಕೂತ್ಕೋತೀರಾ?"

ಕೂತುಕೊಳ್ಳುವುದೇನು, ಓಡಿಯೇ ಹೋದೆ.

ಹಾಸಿಗೆ ಬಟ್ಟೆ ಇಡುತ್ತಿದ್ದ ಸಣ್ಣ ಕೋಣೆಯನ್ನು ಖಾಲಿ ಮಾಡಿ ಅದನ್ನು ಇಟ್ಟಿದ್ದರು. ಪರದೆ ಕಪ್ಪು, ಅಕ್ಷರಗಳು ಹಸಿರು. ಚಪ್ಪಲಿ ಹೊರಗೆ ಬಿಡಬೇಕು. ಆಯಾ ಅದರ ಹಣೆಗೆ, ಅಂದರೆ ಪರದೆಯ ಮೇಲಿನ ಅಂಚಿಗೆ, ಕುಂಕುಮ ಇಟ್ಟಿದ್ದಳು. ಆಯಾ ಎಂದರೆ ನಮ್ಮಮ್ಮನ ವಯಸ್ಸಿನವಳು. ಆಸ್ಪತ್ರೆಯಲ್ಲಿ ಹುಟ್ಟಿದ ಪ್ರತಿ ಮಗುವನ್ನೂ ಮೊದಲು ಎತ್ತಿಕೊಂಡವಳು ತಾನೇ ಎಂದು ಹೇಳಿಕೊಳ್ಳುತ್ತಿದ್ದಳು.

ರಾಜಾಜಿನಗರದ ಒಂದು ಕಂಪ್ಯೂಟರ್ ಸೆಂಟರಿನಿಂದ ಒಬ್ಬರು ಬಂದು ಎರಡು ಫಾರಂ ಮಾಡಿಕೊಟ್ಟಿದ್ದರು. ನಲವತ್ತು ದಾಟಿದ ಮನುಷ್ಯ, ಅಂಗಿ ಜೇಬಿನಲ್ಲಿ ನಾಲ್ಕು ಪೆನ್ನು. ಒಂದು ಫಾರಂ ತಾಯಿಯದು: ಹೆಸರು, ಗಂಡನ ಹೆಸರು, ಊರು, ಹೆರಿಗೆ ರಿಜಿಸ್ಟರಿನ ನಂಬರು. ಇನ್ನೊಂದು ಮಗುವಿನದು: ಇಟ್ಟಿದ್ದರೆ ಹೆಸರು, ಹುಟ್ಟಿದ ದಿನ, ಹೊತ್ತು, ತೂಕ, ಹೆಣ್ಣೋ ಗಂಡೋ, ಯಾವ ಚುಚ್ಚುಮದ್ದು ಯಾವತ್ತು ಆಯಿತು. ಎರಡನ್ನೂ ಅವರು ಒಂದಕ್ಕೊಂದು ಕಟ್ಟಿದ್ದರು. ಮೇಲುಗಡೆ ತಾಯಿಯನ್ನು ಬದಲಾಯಿಸಿದರೆ ಕೆಳಗೆ ಮಗುವೂ ಬದಲಾಗುತ್ತಿತ್ತು. ಮುಂದಿನ ತಾಯಿ, ಮುಂದಿನ ಮಗು. ಮೊದಮೊದಲು ನಾನು ಕೆಲಸವಿಲ್ಲದಿದ್ದರೂ ಆ ಕೀಲಿ ಒತ್ತುತ್ತಾ ಕೂತಿರುತ್ತಿದ್ದೆ. ತಾಯಿ ಹೊರಟರೆ ಮಗು ಸೆರಗು ಹಿಡಿದು ಹೊರಟ ಹಾಗೆ ಕಾಣುತ್ತಿತ್ತು.

ನನ್ನ ಕೆಲಸ ಇಷ್ಟೇ. ರಿಜಿಸ್ಟರಿನಲ್ಲಿದ್ದುದನ್ನು ಫಾರಮಿಗೆ ತುಂಬುವುದು, ತಿಂಗಳಿಗೊಮ್ಮೆ ಯಾವ ಮಕ್ಕಳಿಗೆ ಪೋಲಿಯೋ ಹನಿ, ಚುಚ್ಚುಮದ್ದು ಬಾಕಿಯಿದೆ ಎಂದು ಪಟ್ಟಿ ತೆಗೆಯುವುದು, ಆ ಮನೆಗಳಿಗೆ ಪೋಸ್ಟ್ ಕಾರ್ಡ್ ಬರೆಯುವುದು. ಯಂತ್ರಕ್ಕೆ ಕನ್ನಡ ಬಾರದು. ಇಂಗ್ಲಿಷಿನಲ್ಲಿ ಬಂದ ಪಟ್ಟಿಯನ್ನು ನೋಡಿಕೊಂಡು ನಾನು ಕೈಯಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೆ. 'ಶ್ರೀಮತಿಯವರಿಗೆ, ನಿಮ್ಮ ಮಗುವಿಗೆ ಬರುವ ಬುಧವಾರ...' ಎಂದು ಶುರು, ಆಮೇಲೆ ಮಗುವಿನ ಹೆಸರು. ಹೆಸರಿಟ್ಟಿರದಿದ್ದರೆ ಆ ಜಾಗ ಖಾಲಿ. ಕಾನ್ವೆಂಟಿನ ಸಿಸ್ಟರುಗಳು ತಿದ್ದಿದ ದುಂಡು ಅಕ್ಷರ. ಹಳ್ಳಿಯ ಅಂಚೆಯವರಿಗೆ ಓದಲು ಸುಲಭವಾಗಲಿ ಎಂದು ಇನ್ನಷ್ಟು ದುಂಡಗೆ ಬರೆಯುತ್ತಿದ್ದೆ.

ಮೊದಲ ತಿಂಗಳ ಪಟ್ಟಿಯಲ್ಲಿ ಮೂರು ಸಾಲುಗಳನ್ನು ಆಯಾ ಬೆರಳಿಟ್ಟು ತೋರಿಸಿದಳು. "ಇದು ಉಳೀಲಿಲ್ಲ ಕಣಮ್ಮ. ಇದೂನೂ. ಇದು ಒಂಬತ್ತು ದಿವ್ಸಕ್ಕೇ ಹೋಯ್ತು, ಅವರತ್ತೆ ಬಂದು ಹೇಳಿ ಹೋದ್ರು. ನೋಡಿ, ರಿಜಿಸ್ಟರಲ್ಲಿ ಕೆಂಪು ಇಂಕಿನಲ್ಲಿ ಬರೆದೈತೆ."

ಆ ಮೂರು ಕಾರ್ಡುಗಳು ಆ ಮೂರು ಮನೆಗಳಿಗೆ ಹೋಗಿದ್ದರೆ? ಅವತ್ತು ಅವನ್ನು ಬರೆಯಲಿಲ್ಲ. ಆದರೆ ಪ್ರತಿ ತಿಂಗಳೂ ಆಯಾ ಪಕ್ಕದಲ್ಲಿ ಇರಬೇಕಲ್ಲ. ಕಂಪ್ಯೂಟರ್ ಸೆಂಟರಿನ ಆ ಪೆನ್ನಿನವರು ಮುಂದಿನ ಸಲ ಬಂದಾಗ ಕೇಳಿದೆ.

"ಸುಲಭ ಮೇಡಂ," ಎಂದರು. "ಮಗು ಫಾರಮಿನಲ್ಲಿ ಒಂದು ಗುರುತು ಹಾಕಿ. ಆಮೇಲೆ ಒಂದು ಸಾಲು ಟೈಪ್ ಮಾಡಿ ಫಿಲ್ಟರ್ ಹಾಕಿದ್ರೆ ಆಯ್ತು, ಗುರುತು ಇರೋ ರೆಕಾರ್ಡುಗಳು ಕಾಣಲ್ಲ."

ಬಾಗಿಲಲ್ಲಿ ನಿಂತಿದ್ದ ಆಯಾ, "ಅಳಿಸಿಬಿಡ್ತೀರಾ?" ಎಂದಳು.

"ಅಳಿಸೋದಲ್ಲಮ್ಮ, ಮರೆ ಮಾಡೋದು ಅಷ್ಟೇ. ಒಳಗೆ ಇದ್ದೇ ಇರತ್ತೆ."

ನನಗೆ ಅದು ಬಹಳ ಹಿಡಿಸಿತು. ಅವರು ಹೇಳಿಕೊಟ್ಟ ಸಾಲನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡೆ. ಕೆಂಪು ಇಂಕಿನ ಮಕ್ಕಳಿಗೆಲ್ಲ ಗುರುತು ಹಾಕಿದೆ. ಮುಂದಿನ ಪಟ್ಟಿಯಲ್ಲಿ ಅವರಾರೂ ಇರಲಿಲ್ಲ. ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡು ಮೂವತ್ತು ಚಿಲ್ಲರೆ ಕಾರ್ಡುಗಳನ್ನು ಒಂದೇ ಮಧ್ಯಾಹ್ನ ಬರೆದು ಡಬ್ಬಕ್ಕೆ ಹಾಕಿದೆ.

ಮುಂದಿನ ಬುಧವಾರ, ಹನಿ ಹಾಕುವ ದಿನ, ಹೊರಗಿನ ಬೆಂಚುಗಳ ಕಡೆಯಿಂದ ಜೋರು ದನಿ ಕೇಳಿತು.

"ಯಾರ್ರೀ ಇಲ್ಲಿ ಕಾರ್ಡ್ ಬರೆಯೋರು?"

ಹೇರೋಹಳ್ಳಿಯ ಹೆಂಗಸು. ಸೊಂಟದಲ್ಲಿ ಮಗು, ಕಣ್ಣಿಗೆ ಕಾಡಿಗೆ, ಕೆನ್ನೆಗೆ ದೊಡ್ಡ ದೃಷ್ಟಿಬೊಟ್ಟು.

"ಮೆತ್ತಗೆ ಮಾತಾಡವ್ವಾ, ಒಳಗೆ ಹೆರಿಗೆ ಆಗ್ತೈತೆ," ಎಂದಳು ಆಯಾ.

"ಆಗ್ಲಿ ಬಿಡಿ, ಅದೂ ಕೇಳುಸ್ಕೊಂಡೇ ಹುಟ್ಲಿ. ನನ್ ಮಗಳ ಹೆಸ್ರು ಬರೆದು ಆ ಮನೆಗೆ ಯಾಕ್ರೀ ಕಳ್ಸುದ್ರಿ? ಮಗ ಕಳ್ಕೊಂಡಿರೋ ಮನೆಗೆ!"

ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವಳ ಮನೆಗೆ ಕಾರ್ಡ್ ಸರಿಯಾಗಿಯೇ ಹೋಗಿತ್ತು. ಆದರೆ ಅದೇ ಬೀದಿಯ ಇನ್ನೊಂದು ಮನೆಗೂ ಅದೇ ಮಗುವಿನ ಹೆಸರಿನ ಇನ್ನೊಂದು ಕಾರ್ಡ್ ಹೋಗಿತ್ತು. ಒಂಬತ್ತು ದಿನಕ್ಕೆ ಹೋದ ಮಗು ಆ ಮನೆಯದೇ. ಬದುಕಿರುವ ಕೂಸಿನ ಹೆಸರು ಸಾವಿನ ಮನೆಯಲ್ಲಿ ಕೂತಿದೆ ಎಂದರೆ ಯಾವ ತಾಯಿಗೆ ತಡೆದೀತು?

"ಕೊಡೇ ಅಂತ ಕೇಳ್ದೆ. ಕೊಡಾಕಿಲ್ಲ ಅಂದ್ಳು. ಪೆಟ್ಟಿಗೇಲಿ ಮಡಿಕ್ಕೊಂಡವ್ಳಂತೆ. ಆ ಕಾರ್ಡು ಬರ್ಬೇಕು, ನನ್ ಕಣ್ಮುಂದೆ ಹರೀಬೇಕು. ಅಲ್ಲೀಗಂಟ ನನ್ ಮಗೀಗೆ ನಿಮ್ ಹನೀನೂ ಬ್ಯಾಡ, ಸೂಜೀನೂ ಬ್ಯಾಡ."

ಡಾಕ್ಟರಮ್ಮ ಕೈಗವಸು ತೆಗೆಯುತ್ತಾ ಬಂದು, ಮೂರನೇ ಸಲದ ಹನಿ ತಪ್ಪಿಸಬಾರದು, ಮೊದಲೆರಡು ಹಾಕಿಸಿದ್ದು ಅಷ್ಟಕ್ಕೇ ನಿಲ್ಲುತ್ತೆ ಎಂದು ಹೇಳಿದರು. ಅವಳು ಕೇಳಲಿಲ್ಲ. ಮಗುವಿನ ತಲೆಯ ಮೇಲೆ ಸೆರಗು ಎಳೆದುಕೊಂಡು ಹೊರಟೇ ಹೋದಳು. ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ. "ಮುಂದಿನ ಬುಧವಾರದ ಒಳಗೆ ಏನಾದ್ರೂ ಮಾಡಿ," ಎಂದರು ಅಷ್ಟೇ. ಬೈದಿದ್ದರೇ ವಾಸಿಯಿತ್ತು.

ಅವತ್ತು ಒಬ್ಬಳೇ ಕೂತು ನೋಡಿದೆ. ಫಿಲ್ಟರ್ ತೆಗೆದು ಮಗು ಕಳೆದುಕೊಂಡ ತಾಯಿಯ ಫಾರಮಿಗೆ ಹೋದೆ. ಕೆಳಗೆ ಅವಳದೇ ಮಗು ಬಂತು: ಗಂಡು, ಬೆಳಗಿನ ಆರೂಕಾಲು, ಎರಡೂ ಮುಕ್ಕಾಲು ಕೆಜಿ, ಹೆಸರಿನ ಜಾಗ ಖಾಲಿ. ಫಿಲ್ಟರ್ ಹಾಕಿದೆ. ಅದೇ ತಾಯಿ, ಕೆಳಗೆ ಬೇರೆ ಮಗು: ಹೆಣ್ಣು, ಮೂರಕ್ಷರದ ಹೆಸರು. ಮತ್ತೆ ತೆಗೆದೆ, ಗಂಡು. ಮತ್ತೆ ಹಾಕಿದೆ, ಹೆಣ್ಣು.

ಪೆನ್ನಿನವರು ಮಾರನೆಯ ದಿನ ಬಂದು ನೋಡಿದರು. ಎರಡು ಫಾರಮುಗಳನ್ನು ಅವರು ಕಟ್ಟಿದ್ದು ತಾಯಿಯ ಹೆಸರಿನ ಮೇಲೆ. "ಬರೀ ಹೆಸರು ಸಾಲಲ್ಲ ಅಂತ ಊರನ್ನೂ ಸೇರಿಸಿದ್ದೆನಲ್ಲ ಮೇಡಂ!"

ಆಯಾ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. "ಸಾರ್, ಅದು ಆ ಊರ ದೇವ್ರ ಹೆಸ್ರು. ಬಾವಿಕಟ್ಟೇಲಿ ನಿಂತು ಕೂಗಿ ನೋಡಿ, ಹತ್ತು ಜನ 'ಏನು' ಅಂತಾರೆ. ಅಲ್ಲಿಗೆ ಸೊಸೆಯಾಗಿ ಹೋದೋರ್ಗೂ ಎಷ್ಟೋ ಮನೇಲಿ ಅದೇ ಹೆಸ್ರು ಕಟ್ತಾರೆ."

ಒಂದೇ ಊರು, ಒಂದೇ ಹೆಸರು, ಇಬ್ಬರು ತಾಯಂದಿರು. ಫಿಲ್ಟರ್ ಇಲ್ಲದಾಗ ಆ ಹೆಸರಿಗೆ ಮೊದಲು ಸಿಗುತ್ತಿದ್ದ ಮಗು ತೀರಿಕೊಂಡ ಗಂಡು. ನಾನು ಅದನ್ನು ಮರೆ ಮಾಡಿದೆ. ಯಂತ್ರ ಅದೇ ಹೆಸರಿನ ಇನ್ನೊಬ್ಬ ತಾಯಿಯ ಮಗುವನ್ನು ತಂದು ಆ ಖಾಲಿ ಮಡಿಲಿಗೆ ಇಟ್ಟಿತು. ಹತ್ತು ನಿಮಿಷದ ಅಂತರದಲ್ಲಿ ಒಂದೇ ಮಗುವಿನ ಹೆಸರನ್ನು ಎರಡು ಸಲ ಬರೆದಿದ್ದೆ ನಾನು. ಸೀರೆಯ ಅಂಚಿನಲ್ಲಿ ಒಂದು ಎಳೆ ಬಿಟ್ಟಿದ್ದರೂ ಕಾಣುವ ನನ್ನ ಕಣ್ಣಿಗೆ ಅದು ಕಾಣಲಿಲ್ಲ.

ಅವರು ಎರಡೂ ಫಾರಮುಗಳನ್ನು ರಿಜಿಸ್ಟರ್ ನಂಬರಿನ ಮೇಲೆ ಕಟ್ಟಿಕೊಟ್ಟರು. ನಂಬರು ಒಬ್ಬರದು ಇನ್ನೊಬ್ಬರಿಗೆ ಇರುವುದಿಲ್ಲ. ಯಂತ್ರದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಕಾರ್ಡು ಮಾತ್ರ ಹೇರೋಹಳ್ಳಿಯಲ್ಲಿತ್ತು.

ಶನಿವಾರ ಮಾಗಡಿ ರೋಡಿನ ಬಸ್ಸು ಹಿಡಿದು ಸುಂಕದಕಟ್ಟೆಯ ಆಚೆ ಇಳಿದು ನಡೆದೆ. ರಾಗಿ ಕೊಯ್ಲು ಮುಗಿದಿತ್ತು. ಹೊಲದ ನಡುವೆ ಅಲ್ಲಲ್ಲಿ ಸೈಟಿನ ಕಲ್ಲು ನೆಟ್ಟು ಸುಣ್ಣ ಬಳಿದಿದ್ದರು. ದಾರಿ ಕೇಳಲು ಹೆಸರು ಹೇಳಿದರೆ, "ಯಾವ್ ಮನೇದು?" ಎಂದರು. ಗಂಡನ ಹೆಸರು ಹೇಳಿದ ಮೇಲೆ, "ಓ, ಆ ಮಗ ಹೋಯ್ತಲ್ಲ ಅವ್ರಾ," ಎಂದು ತೋರಿಸಿದರು.

ಅವಳು ಜಗಲಿಯಲ್ಲಿ ಕೂತು ಹಿದುಕಿದ ಅವರೆ ಮಾಡುತ್ತಿದ್ದಳು. ನೆನೆದ ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಚಿಮ್ಮಿ ತಟ್ಟೆಗೆ ಬೀಳುತ್ತಿತ್ತು. ಇಪ್ಪತ್ತೆರಡು ವರ್ಷ ಇದ್ದಿರಬೇಕು. ಆಸ್ಪತ್ರೆಯಿಂದ ಬಂದೆ ಎಂದೆ. ಚಾಪೆ ಹಾಕಿದಳು, ನೀರು ತಂದುಕೊಟ್ಟಳು. ಏನು ಮಾತಾಡುವುದೆಂದು ತಿಳಿಯದೆ ನಾನೂ ಕಾಳಿಗೆ ಕೈ ಹಾಕಿದೆ. ನನ್ನದು ಮೂರನೆಯ ಕಾಳೇ ಹಾರಿ ಅಂಗಳಕ್ಕೆ ಬಿತ್ತು.

"ಹಂಗಲ್ಲ ಅಕ್ಕಾ, ಮೊಳಕೆ ಕಡೆಯಿಂದ ಒತ್ಬೇಕು."

"ಕಾರ್ಡು ಬರೆದಿದ್ದು ನಾನೇ," ಎಂದೆ. "ತಪ್ಪಾಯ್ತು. ನಿಮ್ಮನೆಗೆ ಬರಬಾರದಿತ್ತು."

ಅವಳ ಬೆರಳು ನಿಲ್ಲಲಿಲ್ಲ.

"ಅದರಲ್ಲಿರೋ ಹೆಸರು ನಿಮ್ಮ ಮಗುವಿಂದಲ್ಲ."

"ಗೊತ್ತು ಅಕ್ಕಾ. ನಂದು ಗಂಡು. ಅದು ಅವ್ರ ಮಗಳ ಹೆಸ್ರು, ಬೀದಿಗೆಲ್ಲ ಕೇಳೋ ಹಂಗೆ ಕೂಗ್ತಾರಲ್ಲ."

"ಮತ್ತೆ ಯಾಕೆ ಇಟ್ಕೊಂಡಿದೀರಿ?"

ಒಳಗೆ ಅವಳ ಅತ್ತೆ ಒರಳಿನ ಹತ್ತಿರ ಇದ್ದರು. ಅವಳು ಆ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಪೋಸ್ಟ್ನೋರು ಬಾಗ್ಲಲ್ಲಿ ನಿಂತು ನನ್ ಹೆಸ್ರು ಕೂಗುದ್ರು. ಓದುದ್ರು. 'ನಿಮ್ಮ ಮಗುವಿಗೆ' ಅಂತ ಐತೆ ಮೊದಲ್ನೇ ಸಾಲು. ಇಲ್ಲಿ ಯಾರೂ ಹಂಗನ್ನಲ್ಲ ಅಕ್ಕಾ. 'ಅದು ಹೋಯ್ತಲ್ಲ' ಅಂತಾರೆ. ಹೆಸ್ರಿಡೋಕೂ ಮುಂಚೆ ಹೋಗಿದ್ದು, ಅದ್ರ ಮಾತು ಎತ್ಬಾರ್ದಂತೆ. ನಿಮ್ಮ ಮಗುವಿಗೆ ಅಂದಿದ್ದು ಅದೊಂದೇ ಕಾಗ್ದ."

ನಾನು ಒಂದಷ್ಟು ಹೊತ್ತು ಕಾಳನ್ನೇ ಒತ್ತಿದೆ. ಆಮೇಲೆ, ಆ ಕಾರ್ಡು ಇಲ್ಲಿರುವ ತನಕ ಬದುಕಿರುವ ಕೂಸಿಗೆ ಹನಿ ಹಾಕಿಸುವುದಿಲ್ಲ ಎಂದು ಅದರ ತಾಯಿ ಹಟ ಹಿಡಿದಿದ್ದಾಳೆ ಎಂದು ಹೇಳಿದೆ. ಅವಳಿಗೆ ಇದು ಗೊತ್ತಿರಲಿಲ್ಲ.

"ಅದಕ್ಕೆ ಹನಿ ನಿಲ್ಸಿದಾಳಾ? ಮೂಳಿಗೆ ಬುದ್ಧಿ ಬ್ಯಾಡ್ವಾ?" ಎಂದು ತಟ್ಟೆ ಪಕ್ಕಕ್ಕೆ ಸರಿಸಿದಳು. ಏಳಲಿಲ್ಲ ಮಾತ್ರ.

ನನ್ನ ಚೀಲದಲ್ಲಿ ಬರೆಯದ ಕಾರ್ಡುಗಳ ಕಟ್ಟು ಇತ್ತು. ಡಾಕ್ಟರಮ್ಮನನ್ನು ಕೇಳಿರಲಿಲ್ಲ, ಯಾರನ್ನೂ ಕೇಳಿರಲಿಲ್ಲ. "ನಿಮಗೆ ಬೇರೆ ಬರೆದುಕೊಡ್ತೀನಿ," ಎಂದೆ. "ನಿಮ್ಮ ಮಗುವಿನದೇ. ಅದರ ಫಾರಂ ನಮ್ಮಲ್ಲಿ ಇದೆ, ನಾನು ನೋಡಿದೀನಿ."

"ಏನೈತೆ ಅದ್ರಾಗೆ?"

"ಗಂಡು. ಬೆಳಗಿನ ಆರೂಕಾಲು. ಎರಡೂ ಮುಕ್ಕಾಲು ಕೆಜಿ."

"ತೂಕನೂ ಬರ್ಕೊಂಡಿದಾರಾ!" ಎಂದಳು. ಅದೇ ಮೊದಲ ಸಲ ಮುಖ ಎತ್ತಿ ನನ್ನನ್ನು ಪೂರ್ತಿ ನೋಡಿದ್ದು. "ನಮ್ಮತ್ತೆ ಸಣಕಲು ಮಗ ಅಂತಾರೆ. ಎರಡೂ ಮುಕ್ಕಾಲು ಸಣ್ಣದಾ ಅಕ್ಕಾ?"

"ಅಲ್ಲ. ಒಳ್ಳೇ ತೂಕ."

"ಅದನ್ನ ಬರೀರಿ."

ತೊಡೆಯ ಮೇಲೆ ಚೀಲ ಇಟ್ಟುಕೊಂಡು ಬರೆದೆ. 'ಶ್ರೀಮತಿಯವರಿಗೆ, ನಿಮ್ಮ ಮಗುವು...' ಎಂದು ಶುರು ಮಾಡಿ ದಿನ, ಹೊತ್ತು, ತೂಕ ಬರೆದು ನಿಲ್ಲಿಸಿದೆ. "ಹೆಸರಿನ ಜಾಗ ಇದೆ," ಎಂದೆ. "ಖಾಲಿನೂ ಬಿಡಬಹುದು."

ಅವಳು ಬಾಗಿ ನನ್ನ ಕಿವಿಯ ಹತ್ತಿರ ಒಂದು ಹೆಸರು ಹೇಳಿದಳು. ಬಸುರಿಯಾಗಿದ್ದಾಗಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಂತೆ. ಅದನ್ನು ಬರೆದೆ. ಕಾರ್ಡನ್ನು ಅವಳ ಕೈಗೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

"ಹಿಂಗ್ ಬ್ಯಾಡ ಅಕ್ಕಾ. ಡಬ್ಬಕ್ಕೆ ಹಾಕಿ. ಅಂಚೇಲಿ ಬರ್ಲಿ. ಪೋಸ್ಟ್ನೋರು ಬಂದು ಕೂಗ್ಲಿ."

ಅದು ನನಗೆ ಅರ್ಥವಾಯಿತು. ಯಜಮಾನರ ಕಾಗದದಲ್ಲಿ ಬಾಯ್ಲರಿನ ಸುದ್ದಿ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಆದರೂ ಅಂಚೆಯವನು ಗೇಟಿನ ಮುಂದೆ ಸೈಕಲ್ಲು ನಿಲ್ಲಿಸಿ ನನ್ನ ಹೆಸರನ್ನು ಗಟ್ಟಿಯಾಗಿ ಓದುವಾಗ, ಆ ವಾರದಲ್ಲಿ ನನ್ನ ಹೆಸರು ಬೇರೆಯವರ ಬಾಯಲ್ಲಿ ಬಂದಿದ್ದು ಅದೊಂದೇ ಸಲ ಎಂದು ಎಷ್ಟೋ ಸಲ ಅನ್ನಿಸಿದ್ದಿದೆ.

ಅವಳು ಒಳಗೆ ಹೋಗಿ ಹಳೆಯ ಕಾರ್ಡು ತಂದಳು. ಮಡಿಕೆಯಿಲ್ಲದೆ ಚೊಕ್ಕಟವಾಗಿತ್ತು. ಕೊಡುವ ಮೊದಲು, "ಇದೂ ಹೋಗಿ, ಅದೂ ಬರಾಕಿಲ್ಲ ಅಂದ್ರೆ?" ಎಂದಳು.

"ಬರತ್ತೆ. ಬಸ್ಸು ಹತ್ತೋ ಮುಂಚೆ ಹಾಕ್ತೀನಿ."

ನನ್ನ ಮೇಲೆ ನಂಬಿಕೆ ಬಂದಿತೋ, ಆ ಕೂಸಿನ ಹನಿಯ ಯೋಚನೆಯೋ, ಕಾರ್ಡನ್ನು ನನ್ನ ಕೈಗಿಟ್ಟಳು. ಹೊರಡುವಾಗ ಹಿದುಕಿದ ಬೇಳೆಯನ್ನು ಒಂದು ಬಾಳೆಲೆಯಲ್ಲಿ ಕಟ್ಟಿಕೊಟ್ಟು, "ಎಷ್ಟು ಜನ ಮನೇಲಿ?" ಎಂದು ಕೇಳಿದಳು. "ಇಬ್ಬರು," ಎಂದೆ. ಅವತ್ತಿನ ಮಟ್ಟಿಗೆ ಅದು ಸುಳ್ಳು. ಮಾಗಡಿ ರೋಡಿನ ಡಬ್ಬದ ಬಾಯೊಳಗೆ ಕೈ ತೂರಿಸಿ, ಕಾರ್ಡು ಒಳಗೆ ಬಿದ್ದ ಸದ್ದು ಕೇಳುವ ತನಕ ನಿಂತಿದ್ದೆ.

ಬುಧವಾರ ಆ ಜೋರು ದನಿಯ ತಾಯಿ ಬಂದಳು. ಆಯಾ ಹೇಳಿಕಳಿಸಿದ್ದಳು. ಕಾರ್ಡನ್ನು ನಾನು ಅವಳ ಕೈಗೇ ಕೊಟ್ಟೆ. ಎಂಟು ಚೂರು ಮಾಡಿ, ಮೋರಿಗೆ ಹಾಕಿ, ನೀರು ಹೊಯ್ದು, ಮಗುವಿನ ಹಣೆ ಸವರಿ ನೆಟಿಗೆ ಮುರಿದಳು. ಡಾಕ್ಟರಮ್ಮ ಹನಿ ಹಾಕಿದರು. ಕೂಸು ಮುಖ ಕಿವುಚಿ ಅರ್ಧ ಉಗುಳಿತು, ಮತ್ತೆ ಹಾಕಿದರು.

ಆ ಮಧ್ಯಾಹ್ನ ನಾನು ಫಿಲ್ಟರ್ ತೆಗೆದು, ಗಂಡು ಮಗುವಿನ ಫಾರಮಿಗೆ ಹೋಗಿ, ಹೆಸರಿನ ಜಾಗದಲ್ಲಿ ಆ ಹೆಸರನ್ನು ತುಂಬಿದೆ. ಗುರುತನ್ನು ಮುಟ್ಟಲಿಲ್ಲ. ತಾಯಿಯನ್ನು ಒಮ್ಮೆ ಬದಲಾಯಿಸಿ ಮತ್ತೆ ಹಿಂದಕ್ಕೆ ಬಂದೆ. ಮಗು ಅವಳ ಜೊತೆಯಲ್ಲೇ ಹಿಂದಕ್ಕೆ ಬಂತು. ಆಮೇಲೆ ಫಿಲ್ಟರ್ ಹಾಕಿ ನೋಡಿದೆ. ತಾಯಿಯ ಕೆಳಗೆ ಏನೂ ಇರಲಿಲ್ಲ, ಬೇರೆ ಯಾರ ಮಗುವೂ ಇರಲಿಲ್ಲ. ಅಂಥ ಖಾಲಿ ಜಾಗ ನೋಡಿ ಸಮಾಧಾನವಾದದ್ದು ನನಗೆ ಅದೇ ಮೊದಲು.

ಕಾರ್ಡು ಮುಟ್ಟಿತೇ ಎಂದು ಕೇಳಲು ಹೇರೋಹಳ್ಳಿಗೆ ಮತ್ತೆ ಹೋಗಲಿಲ್ಲ. ಹೋಗಲು ಏನು ಕಾರಣ ಹೇಳುವುದು? ತಿಂಗಳುಗಳು ಕಳೆದವು. ಯಜಮಾನರು ಮೂರೋ ನಾಲ್ಕೋ ಸಲ ಬಂದು ಹೋದರು. ಅವರಿಗೆ ಇದನ್ನು ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಎಲ್ಲಿಂದ ಶುರು ಮಾಡುವುದೆಂದು ತಿಳಿಯುತ್ತಿರಲಿಲ್ಲ. "ಕಂಪ್ಯೂಟರು ಹೇಗೆ ನಡೀತಿದೆ?" ಎಂದು ಅವರು ಕೇಳಿದರೆ, "ಚೆನ್ನಾಗಿ ನಡೀತಿದೆ," ಎನ್ನುತ್ತಿದ್ದೆ.

ಒಂಬತ್ತು ತಿಂಗಳಿಗೆ ಹಾಕುವ ದಡಾರದ ಚುಚ್ಚುಮದ್ದಿಗೆ ಆ ಜೋರು ದನಿಯವಳು ಮಗಳನ್ನು ಎತ್ತಿಕೊಂಡು ಬಂದಳು. ಕೂಸಿಗೆ ಎರಡು ಹಲ್ಲು ಬಂದಿತ್ತು. ನನ್ನ ಕೋಣೆಯ ಬಾಗಿಲಿಗೆ ಬಂದು ಚಪ್ಪಲಿ ಬಿಡದೆಯೇ ನಿಂತಳು.

"ಏನ್ರೀ, ಆ ಮನೆಗೆ ಇನ್ನೊಂದು ಕಾರ್ಡು ಬಂತಂತಲ್ಲ ಅವಾಗ? ನೀವೇನಾ ಕಳ್ಸಿದ್ದು?"

"ಹೌದು," ಎಂದೆ.

"ಅದ್ರಾಗೆ ನನ್ ಮಗಳ ಹೆಸ್ರು ಇಲ್ವಲ್ಲ?"

"ಇಲ್ಲ."

"ಏನೈತೋ, ಯಾರ್ಗೂ ತೋರ್ಸಾಕಿಲ್ಲ ಅವ್ಳು. ಪೋಸ್ಟ್ನೋರ ಕೈಲಿ ಎರಡು ಸಲ ಓದ್ಸಿದ್ಲಂತೆ, ಜೋರಾಗಿ ಓದಿ ಅಂತ. ಅವಳತ್ತೆ ಒಳಗಿಂದ ಬರೋ ಅಷ್ಟ್ರಲ್ಲಿ ಸೆರಗಿಗೆ ಸೇರಿಸ್ಬಿಟ್ಲಂತೆ." ಮಗುವನ್ನು ಸೊಂಟ ಬದಲಾಯಿಸಿಕೊಂಡಳು. "ಇರ್ಲಿ ಬಿಡಿ. ನಮ್ದಲ್ವಲ್ಲ."

ಹೊರಗೆ ಆಯಾ ಸರದಿ ಕೂಗುತ್ತಿದ್ದಳು. ಅವಳು ಹೋದಳು. ನಾನು ಆ ತಿಂಗಳ ಪಟ್ಟಿ ಮುಂದಿಟ್ಟುಕೊಂಡು ಕಾರ್ಡು ಬರೆಯಲು ಶುರು ಮಾಡಿದೆ.